ಬಾಕಿದಾರನನ್ನು ದಿವಾಳಿ ಅಂತ ಘೋಷಿಸಿ ಎಂದು ಸಾಲ ಕೊಟ್ಟವರೇ ಅರ್ಜಿ ಹಾಕಬಹುದಾ?

ಸರಕುದಾರ

ಎಲ್ಲರಿಗೂ ನಮಸ್ಕಾರ. ಸಗಟು ವ್ಯಾಪಾರ ನಮ್ಮದು. ಒಬ್ಬ ಚಿಲ್ಲರೆ ವ್ಯಾಪಾರಿಗೆ ವರ್ಷಗಳಿಂದ ಉದ್ರಿ ಕೊಡ್ತಾ ಬಂದಿದ್ದೆ, ಅವರೂ ಸರಿಯಾಗಿ ಕಟ್ಟುತ್ತಿದ್ದರು. ಒಂದು ವರ್ಷದಿಂದ ಬಾಕಿ ಬೆಳೆದು 14 ಲಕ್ಷಕ್ಕೆ ನಿಂತಿದೆ. ಕೊನೆಗೆ ಕೊಟ್ಟ ಚೆಕ್ಕು ಮೊನ್ನೆ ವಾಪಸ್ ಬಂತು. ಅಂಗಡಿ ಬಾಗಿಲು ಹಾಕಿದೆ, ಫೋನ್ ಸ್ವಿಚ್ ಆಫ್. ಇದೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಕಳೆದ ತಿಂಗಳು ಇದ್ದ ಒಂದೇ ಮನೆಯನ್ನು ಭಾವಮೈದುನನ ಹೆಸರಿಗೆ ದಾನಪತ್ರ ಮಾಡಿಕೊಟ್ಟಿದ್ದಾರೆ ಅಂತ ಗೊತ್ತಾಯಿತು.

ದಾವೆ ಹಾಕಿ ಡಿಕ್ರಿ ತೆಗೆದುಕೊಂಡರೂ ಜಪ್ತಿ ಮಾಡೋದಕ್ಕೆ ಏನು ಉಳಿದಿರುತ್ತೆ? ಪರಿಚಯದವರೊಬ್ಬರು "ದಿವಾಳಿ ಅರ್ಜಿ ಹಾಕು, ಮನೆ ವಾಪಸ್ ಬರುತ್ತೆ" ಅಂದರು. ಸಾಲ ಮಾಡಿದವರೇ ಪಾಪರ್ ಅಂತ ಹಾಕಿಕೊಳ್ಳೋದು ಕೇಳಿದ್ದೇನೆ. ನಾವು ಹಾಕಬಹುದಾ? ತಿಳಿದವರು ದಯವಿಟ್ಟು ಹೇಳಿ.

ಗಟ್ಟಿಮಾತು

ಹಾಕಿ ಸಾರ್, ಯೋಚನೆ ಮಾಡಬೇಡಿ. ಪೇಪರಿನಲ್ಲಿ ಹೆಸರು ಬರುತ್ತೆ ಅಂದಾಗಲೇ ಇಂಥವರು ದುಡ್ಡು ಹಿಡಿದುಕೊಂಡು ಓಡಿ ಬರೋದು. ಬೆನ್ನ ಮೇಲೆ ಹೊಡೆದರೂ ಹೊಟ್ಟೆ ಮೇಲೆ ಹೊಡೆಯಬಾರದು ಅಂತಾರೆ, ಅವರು ನಿಮ್ಮ ಹೊಟ್ಟೆ ಮೇಲೇ ಹೊಡೆದಿದ್ದಾರೆ.

ಲೆಕ್ಕಪತ್ರ

ಸ್ವಲ್ಪ ನಿಲ್ಲಿ. 2016ರಲ್ಲಿ ಐಬಿಸಿ (ಹೊಸ ದಿವಾಳಿ ಸಂಹಿತೆ) ಬಂದ ಮೇಲೆ ಹಳೆಯ ದಿವಾಳಿ ಕಾಯ್ದೆಗಳೆಲ್ಲ ರದ್ದಾಗಿವೆ ಅಂತಲ್ಲವಾ ಇರೋದು? ಕನಿಷ್ಠ ಬಾಕಿಯನ್ನೂ 2020ರ ಮಾರ್ಚ್‌ನಲ್ಲಿ ಒಂದು ಲಕ್ಷದಿಂದ ಒಂದು ಕೋಟಿಗೆ ಏರಿಸಿದರು. 14 ಲಕ್ಷಕ್ಕೆ ಅರ್ಜಿಯೇ ನಿಲ್ಲಲ್ಲ ಅನ್ನಿಸುತ್ತೆ.

ಕರಿಕೋಟು

ವಕೀಲಿಕೆಯಲ್ಲಿ ಬಹಳ ವರ್ಷ ಕಳೆದವನು, ಜಿಲ್ಲಾ ನ್ಯಾಯಾಲಯದಲ್ಲಿ ಎರಡೂ ಕಡೆಯಿಂದ ದಿವಾಳಿ ಅರ್ಜಿ ನಡೆಸಿದ್ದೇನೆ. ಲೆಕ್ಕಪತ್ರ ಅವರು ಎತ್ತಿದ ಪ್ರಶ್ನೆಯನ್ನು ಮೊದಲು ಬಿಡಿಸಿಕೊಳ್ಳೋಣ. ಇಲ್ಲೇ ಬಹಳ ಜನ ಎಡವುತ್ತಾರೆ.

ಒಂದು ಕೋಟಿ ಮಿತಿ ಇರೋದು ಕಂಪನಿಗಳಿಗೆ. ಅದಕ್ಕೆ ಎನ್‌ಸಿಎಲ್‌ಟಿಗೆ, ಅಂದರೆ ಕಂಪನಿ ನ್ಯಾಯಮಂಡಳಿಗೆ ಹೋಗಬೇಕು. ವ್ಯಕ್ತಿಗಳಿಗೆ, ಪಾಲುದಾರಿಕೆ ಸಂಸ್ಥೆಗಳಿಗೆ ಐಬಿಸಿಯ ಮೂರನೇ ಭಾಗ ಅಂತ ಬೇರೆಯೇ ಇದೆ. ಆ ಭಾಗವನ್ನು ಸರ್ಕಾರ ಈವರೆಗೆ ಜಾರಿಗೆ ತಂದಿರೋದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ, 2019ರ ಡಿಸೆಂಬರ್ 1ರಿಂದ. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಳಿದ ವ್ಯಕ್ತಿಗಳಿಗೆ ಆ ಭಾಗ ಜಾರಿಯಾಗಿಲ್ಲ. ಹಳೆಯ ಕಾಯ್ದೆಗಳನ್ನು ರದ್ದು ಮಾಡುವ 243ನೇ ಕಲಮೂ ಜಾರಿಯಾಗಿಲ್ಲ. ಹಾಗಾಗಿ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡೋ ಒಬ್ಬ ಮನುಷ್ಯನ ವಿಷಯಕ್ಕೆ ಇವತ್ತಿಗೂ ಲೆಕ್ಕಕ್ಕೆ ಬರೋದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಕಲ್ಕತ್ತಾ, ಬಾಂಬೆ, ಮದ್ರಾಸಿಗೆ ಮಾತ್ರ 1909ರ ಪ್ರೆಸಿಡೆನ್ಸಿ ಪಟ್ಟಣಗಳ ಕಾಯ್ದೆ.

ಸರಕುದಾರರೇ, ನಿಮ್ಮ ಬಾಕಿದಾರರ ಅಂಗಡಿ ಸ್ವಂತ ಹೆಸರಿನದಾ, ಪ್ರೈವೇಟ್ ಲಿಮಿಟೆಡ್ಡಾ? ಬಿಲ್ಲಿನ ಮೇಲೆ, ಜಿಎಸ್‌ಟಿ ನೋಂದಣಿಯಲ್ಲಿ ಏನಿದೆ ನೋಡಿ ಹೇಳಿ. ಕಂಪನಿ ಆಗಿದ್ದರೆ 1920ರ ಕಾಯ್ದೆಯಲ್ಲಿ ಅರ್ಜಿ ಬರೋದೇ ಇಲ್ಲ.

ಸರಕುದಾರ

ಸ್ವಂತ ಹೆಸರೇ ಸಾರ್. ಜಿಎಸ್‌ಟಿಯಲ್ಲೂ ಮಾಲೀಕ ಅಂತ ಅವರೊಬ್ಬರೇ ಇದ್ದಾರೆ.

ಕರಿಕೋಟು

ಹಾಗಾದರೆ ಕೇಳಿ. ಸಾಲ ಕೊಟ್ಟವರು ಅರ್ಜಿ ಹಾಕಬಹುದು. 9ನೇ ಕಲಮಿನಲ್ಲಿ ಮೂರು ಷರತ್ತಿವೆ. ಬಾಕಿ ಕನಿಷ್ಠ 500 ರೂಪಾಯಿ ಇರಬೇಕು. ಕಾಯ್ದೆ 1920ರದ್ದು, ಅದಕ್ಕೇ ಆ ಮೊತ್ತ. ಬಾಕಿ ಇಷ್ಟೇ ಅಂತ ನಿಗದಿಯಾದ ಮೊತ್ತವಾಗಿರಬೇಕು, ನಷ್ಟಪರಿಹಾರದ ಥರ ಇನ್ನೂ ಲೆಕ್ಕ ಹಾಕಬೇಕಾದ್ದು ನಡೆಯಲ್ಲ. ಮೂರನೆಯದೇ ಮುಖ್ಯ: ಬಾಕಿದಾರ ಒಂದು ದಿವಾಳಿ ಕೃತ್ಯ ಎಸಗಿರಬೇಕು, ಮತ್ತು ಅದಾಗಿ ಮೂರು ತಿಂಗಳೊಳಗೆ ನಿಮ್ಮ ಅರ್ಜಿ ಕೋರ್ಟಿನಲ್ಲಿರಬೇಕು.

ಸಾಲ ಕೊಟ್ಟಿಲ್ಲ ಅನ್ನೋದೊಂದೇ ದಿವಾಳಿ ಕೃತ್ಯ ಅಲ್ಲ. 6ನೇ ಕಲಮಿನಲ್ಲಿ ಪಟ್ಟಿ ಇದೆ. ಸಾಲ ಕೊಟ್ಟವರಿಗೆ ಸಿಗಬಾರದು ಅಂತ ಆಸ್ತಿ ವರ್ಗಾಯಿಸೋದು, ಅದೇ ಉದ್ದೇಶದಿಂದ ಮನೆ ಅಥವಾ ವ್ಯಾಪಾರದ ಜಾಗ ಬಿಟ್ಟು ಹೋಗೋದು, ಕೈಗೆ ಸಿಗದಂತೆ ಅಡಗಿಕೊಳ್ಳೋದು, ಇನ್ನು ಹಣ ಕೊಡೋಕಾಗಲ್ಲ ಅಂತ ಸಾಲ ಕೊಟ್ಟವರಿಗೆ ತಿಳಿಸೋದು, ಹಣದ ಡಿಕ್ರಿಗಾಗಿ ಆಸ್ತಿ ಹರಾಜಾಗೋದು, ಹೀಗೆ. ನಿಮ್ಮ ಕೈಯಲ್ಲಿ ಡಿಕ್ರಿ ಇದ್ದಿದ್ದರೆ ಇನ್ನೊಂದು ದಾರಿಯೂ ಇತ್ತು. 1978ರ ತಿದ್ದುಪಡಿಯ ಪ್ರಕಾರ ದಿವಾಳಿ ನೋಟಿಸ್ ಕೊಡಿಸಿ, ಕನಿಷ್ಠ ಒಂದು ತಿಂಗಳ ಗಡುವಿನಲ್ಲಿ ಕಟ್ಟದಿದ್ದರೆ ಅದೇ ದಿವಾಳಿ ಕೃತ್ಯ ಆಗುತ್ತೆ.

ನಿಮ್ಮ ವಿಷಯದಲ್ಲಿ ದಾನಪತ್ರವೇ ಆಧಾರ. ಇವತ್ತೇ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ದಾನಪತ್ರದ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಮೂರು ತಿಂಗಳನ್ನು ನೋಂದಣಿಯಾದ ದಿನದಿಂದ ಎಣಿಸಬೇಡಿ, ಪತ್ರಕ್ಕೆ ಸಹಿ ಹಾಕಿದ ದಿನದಿಂದ ಎಣಿಸಿ. ಎರಡರ ನಡುವೆ ವಾರಗಟ್ಟಲೆ ಅಂತರ ಇರೋದುಂಟು. ಸುರಕ್ಷಿತ ದಿನಾಂಕವನ್ನೇ ಹಿಡಿಯಬೇಕು.

ಗಟ್ಟಿಮಾತು

ನಾನು ಹೇಳಿದ್ದೂ ಅದೇ ಅಲ್ವಾ. ಅರ್ಜಿ ಹಾಕಿದ ಮೇಲೆ ಅವರು ರಾಜಿಗೆ ಬಂದರೆ ನಿಮ್ಮ 14 ಲಕ್ಷ ತಗೊಂಡು ವಾಪಸ್ ತೆಗೆದುಕೊಳ್ಳಿ. ಮುಗೀತು.

ಪಾಲುಗಾರ

ಅದಾಗಲ್ಲ. ದಯವಿಟ್ಟು ಈ ಸಲಹೆ ಯಾರೂ ನಂಬಬೇಡಿ. ಒಂದು ದಿವಾಳಿ ಅರ್ಜಿಯಲ್ಲಿ ನಾನು ಬೇರೊಬ್ಬ ಸಾಲ ಕೊಟ್ಟವನಾಗಿ ಇದ್ದೆ, ಅರ್ಜಿ ಹಾಕಿದವನಲ್ಲ. ಅರ್ಜಿ ಹಾಕಿದವರು ಮತ್ತು ಬಾಕಿದಾರ ಒಳಗೊಳಗೇ ಮಾತಾಡಿಕೊಂಡರು. ಅವರ ಬಾಕಿ ಪೂರ್ತಿ ಚುಕ್ತಾ ಮಾಡೋದು, ಅವರು ಅರ್ಜಿ ವಾಪಸ್ ತೆಗೆದುಕೊಳ್ಳೋದು. ನನಗೆ ಸುದ್ದಿ ಬಂದದ್ದು ಅದೃಷ್ಟ. ನಮ್ಮ ವಕೀಲರು ಹೋಗಿ ತಕರಾರು ಹಾಕಿದರು. ಕೋರ್ಟ್ ವಾಪಸಾತಿಗೆ ಒಪ್ಪಲಿಲ್ಲ. ಅರ್ಜಿದಾರರ ಜಾಗದಲ್ಲಿ ನನ್ನ ಹೆಸರು ಹಾಕಿ ಪ್ರಕರಣ ಮುಂದುವರಿಸಿತು. ಅಷ್ಟರಲ್ಲಿ ಅವರು ಪಡೆದಿದ್ದ ಹಣವನ್ನೂ ಕೊನೆಗೆ ರಿಸೀವರ್‌ಗೆ, ಅಂದರೆ ದಿವಾಳಿಯಾದವರ ಆಸ್ತಿ ನೋಡಿಕೊಳ್ಳೋಕೆ ಕೋರ್ಟ್ ನೇಮಿಸಿದವರಿಗೆ, ಒಪ್ಪಿಸಬೇಕಾಯಿತು.

ಅವತ್ತು ಕೋರ್ಟಿನಲ್ಲಿ ನನ್ನ ಪಕ್ಕ ಕೂತಿದ್ದವರು ಬಾಕಿದಾರರ ಗೋಡೌನಿನಲ್ಲಿ ಕೆಲಸಕ್ಕಿದ್ದ ಒಬ್ಬ ಹಮಾಲಿ. ಕೂಲಿ ಬಾಕಿಯನ್ನು ಒಂದು ಶಾಲೆ ನೋಟ್‌ಬುಕ್ಕಿನಲ್ಲಿ ದಿನದಿನಕ್ಕೆ ಬರೆದಿಟ್ಟಿದ್ದರು. ಕೆಲವು ಸಾಲಿನ ಪಕ್ಕ ಬಾಕಿದಾರರದೇ ಸಹಿ ಇತ್ತು. ಅರ್ಜಿ ವಾಪಸ್ ಹೋಗಿದ್ದರೆ ಅವರಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ.

ಕರಿಕೋಟು

ಪಾಲುಗಾರರು ಬರೆದದ್ದು ಅಕ್ಷರಶಃ ಸರಿ. 14ನೇ ಕಲಮಿನ ಪ್ರಕಾರ ಕೋರ್ಟಿನ ಅನುಮತಿ ಇಲ್ಲದೆ ಅರ್ಜಿ ವಾಪಸ್ ಪಡೆಯುವಂತಿಲ್ಲ. 16ನೇ ಕಲಮಿನಲ್ಲಿ ಅರ್ಜಿದಾರ ಸರಿಯಾಗಿ ಮುಂದುವರಿಸದಿದ್ದರೆ ಬೇರೆ ಸಾಲ ಕೊಟ್ಟವರನ್ನು ಆ ಜಾಗಕ್ಕೆ ತರಬಹುದು. ಬಾಕಿದಾರ ದಿವಾಳಿ ಅಂತ ತೀರ್ಮಾನವಾದರೆ ಅದರ ಪರಿಣಾಮ ಅರ್ಜಿ ಸಲ್ಲಿಸಿದ ದಿನಕ್ಕೇ ಹಿಂದೆ ಹೋಗುತ್ತೆ. ಅರ್ಜಿಯ ವಿಷಯ ಗೊತ್ತಿದ್ದೂ ನಡುವೆ ಹಣ ಪಡೆದವರಿಗೆ ಕಾಯ್ದೆ ರಕ್ಷಣೆ ಕೊಡಲ್ಲ. ಅರ್ಜಿ ಹಾಕಿದವರಿಗಂತೂ ಗೊತ್ತಿರಲಿಲ್ಲ ಅನ್ನೋ ಮಾತೇ ಬರಲ್ಲವಲ್ಲ.

ಕಕ್ಷಿದಾರರಿಗೆ ನಾನು ಮೊದಲ ದಿನವೇ ಹೇಳೋದು ಇದು: ಸಿವಿಲ್ ದಾವೆ ನಿಮ್ಮದು, ದಿವಾಳಿ ಅರ್ಜಿ ಎಲ್ಲರದು. ಸಲ್ಲಿಸಿದ ಮೇಲೆ ಹಗ್ಗ ನಿಮ್ಮ ಕೈಯಲ್ಲಿ ಇರಲ್ಲ. ನಿಮ್ಮೊಬ್ಬರ ದುಡ್ಡಷ್ಟೇ ಬೇಕಿದ್ದರೆ, ಬೇರೆ ಸಾಲ ಇಲ್ಲದಿದ್ದರೆ, ಈ ದಾರಿ ಹಿಡಿಯಲೇಬೇಡಿ. ದಾವೆ ಹಾಕಿ, ತೀರ್ಪಿಗೆ ಮೊದಲೇ ಜಪ್ತಿ ಕೇಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38, ನಿಯಮ 5 ಇರೋದು ಅದಕ್ಕೇ.

ಇನ್ನು ಬರೀ ಹೆದರಿಸೋದಕ್ಕೆ ಹಾಕಿದ ಅರ್ಜಿ ಅಂತ ಕೋರ್ಟಿಗೆ ಅನ್ನಿಸಿದರೆ ವಜಾ ಮಾಡಿ ಬಾಕಿದಾರನಿಗೆ ಪರಿಹಾರ ಕೊಡಿಸಬಹುದು. ಆ ಪರಿಹಾರ ದೊಡ್ಡದಲ್ಲ, ಆದರೆ ನಿಮ್ಮ ಮೂರು ತಿಂಗಳು ಅಷ್ಟರಲ್ಲಿ ಕಳೆದಿರುತ್ತೆ. ಬಾಕಿದಾರ ತನಗೆ ಸಾಲ ತೀರಿಸೋ ಶಕ್ತಿ ಇದೆ ಅಂತ ತೋರಿಸಿದರೂ ಅರ್ಜಿ ವಜಾ ಆಗುತ್ತೆ. 25ನೇ ಕಲಂ ಓದಿ.

ಸರಕುದಾರ

ವಿಚಾರಿಸಿದೆ ಸಾರ್. ನಾನೊಬ್ಬನೇ ಅಲ್ಲ. ಇನ್ನೂ ಇಬ್ಬರು ಸಗಟು ವ್ಯಾಪಾರಿಗಳು, ಕೈಸಾಲ ಕೊಟ್ಟ ಸಂಬಂಧಿಕರು, ಎಲ್ಲ ಸೇರಿ ನನ್ನದೂ ಕೂಡಿಸಿದರೆ 70 ಲಕ್ಷದ ಹತ್ತಿರ. ಅಂಗಡಿ ಕಟ್ಟಡ ಬ್ಯಾಂಕಿಗೆ ಅಡಮಾನ ಇದೆ. ದಾನ ಕೊಟ್ಟ ಮನೆ ಮೇಲೆ ಮಾತ್ರ ಯಾವ ಸಾಲವೂ ಇಲ್ಲ, ಹೆಚ್ಚುಕಡಿಮೆ 50 ಲಕ್ಷ ಬಾಳುತ್ತೆ ಅಂತಾರೆ. ಈ ಲೆಕ್ಕದಲ್ಲಿ ನನಗೆ ಎಷ್ಟು ಬರಬಹುದು?

ಲೆಕ್ಕಪತ್ರ

ಕರಿಕೋಟು ಸಾರ್, ಐಬಿಸಿ ಬಗ್ಗೆ ವಿವರಿಸಿದ್ದಕ್ಕೆ ಧನ್ಯವಾದ. ಈ ಲೆಕ್ಕ ನಾನು ಮಾಡಿಕೊಡ್ತೀನಿ, ತಪ್ಪಿದ್ದರೆ ತಿದ್ದಿ.

ಬ್ಯಾಂಕಿನ ಅಡಮಾನದ ಹಕ್ಕನ್ನು ದಿವಾಳಿ ಆದೇಶ ಮುಟ್ಟಲ್ಲ. ಅಂಗಡಿ ಕಟ್ಟಡ ಮಾರಿ ಅವರ ಸಾಲ ತೀರಿ ಮಿಕ್ಕಿದರೆ ಮಾತ್ರ ಉಳಿದವರಿಗೆ. ಅದನ್ನು ಸೊನ್ನೆ ಅಂತಲೇ ಇಟ್ಟುಕೊಳ್ಳಿ. ಮನೆ ವಾಪಸ್ ಬಂದು 50 ಲಕ್ಷಕ್ಕೇ ಮಾರಾಟವಾಯಿತು ಅಂದುಕೊಳ್ಳೋಣ. ರಿಸೀವರ್ ಖರ್ಚು ಮೊದಲು ಹೋಗುತ್ತೆ. ಆಮೇಲೆ ಸರ್ಕಾರಕ್ಕೆ, ಸ್ಥಳೀಯ ಸಂಸ್ಥೆಗೆ ಕಟ್ಟಬೇಕಾದ್ದು. ಅಂಗಡಿ ಮುಚ್ಚಿದವರ ಜಿಎಸ್‌ಟಿ ಬಾಕಿ ಇರೋದು ಸಾಮಾನ್ಯ. ನೌಕರರ ಸಂಬಳ ಬಾಕಿಗೂ ಒಂದು ಮಿತಿಯೊಳಗೆ ಆದ್ಯತೆ ಇದೆ. ಇವಕ್ಕೆಲ್ಲ 5 ಲಕ್ಷ ತೆಗೆದರೆ ಉಳಿಯೋದು 45. ಅದನ್ನು 70ಕ್ಕೆ ಹಂಚಿದರೆ ರೂಪಾಯಿಗೆ 64 ಪೈಸೆ. ನಿಮ್ಮ 14ಕ್ಕೆ ಸುಮಾರು 9 ಲಕ್ಷ.

ಇದು ಎಲ್ಲ ಸರಿ ಹೋದರೆ ಬರೋ ಅಂಕಿ. ವರ್ಷಗಳು ಹಿಡಿಯುತ್ತೆ ಅನ್ನೋದನ್ನೂ ಸೇರಿಸಿಕೊಳ್ಳಿ. ಅರ್ಜಿಯ ಮೊದಲ ಖರ್ಚೆಲ್ಲ ನಿಮ್ಮ ಕೈಯಿಂದಲೇ.

ಗಟ್ಟಿಮಾತು

ದಾವೆ ಹಾಕಿದವನಿಗೆ ಸೊನ್ನೆ ಬರೋ ಕಡೆ 9 ಲಕ್ಷ ಅಂದರೆ ಕಡಿಮೆ ಅಲ್ಲ. ವಾಪಸಾತಿ ವಿಷಯದಲ್ಲಿ ಪಾಲುಗಾರರ ಮಾತು ಒಪ್ಪಿದೆ. ಅರ್ಜಿ ಹಾಕಬೇಕು ಅನ್ನೋದರಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹೊಳೆದಂಡೆ

ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಅನ್ನಿಸುತ್ತಿತ್ತು. ನಮ್ಮಪ್ಪನ ಮೇಲೆ ಸಾಲ ಕೊಟ್ಟವರೊಬ್ಬರು ಇಂಥದ್ದೇ ಅರ್ಜಿ ಹಾಕಿದ್ದರು. ಆಗ ನಾನು ಕಾಲೇಜಿನಲ್ಲಿದ್ದೆ. ಅಪ್ಪ ಯಾವ ಆಸ್ತಿಯನ್ನೂ ಯಾರ ಹೆಸರಿಗೂ ಮಾಡಿರಲಿಲ್ಲ. ವ್ಯಾಪಾರ ಬಿತ್ತು, ಅಷ್ಟೇ.

ರಿಸೀವರ್ ಕಡೆಯವರು ಬಂದು ಮನೆಯ ಸಾಮಾನು ಒಂದೊಂದಾಗಿ ಬರೆದುಕೊಂಡರು. ಬೀರು, ಟಿವಿ, ಸ್ಕೂಟರ್. ಅಮ್ಮ ಬಟ್ಟೆ ಹೊಲಿದು ಕೊಡುತ್ತಿದ್ದರು. ಹೊಲಿಗೆ ಯಂತ್ರದ ಹತ್ತಿರ ಬಂದಾಗ ಅಮ್ಮ ಅದರ ಮೇಲೆ ಕೈಯಿಟ್ಟುಕೊಂಡು ನಿಂತರು. ಬಂದವರು "ಇದು ಬರೆಯಲ್ಲಮ್ಮ, ಇದರ ಮೇಲೆ ನೀವು ದುಡಿಯೋದು" ಅಂದರು. ಪಾತ್ರೆಪಡಗ, ಹಾಸಿಗೆ, ಅಮ್ಮನ ತಾಳಿ ಯಾವುದನ್ನೂ ಪಟ್ಟಿಗೆ ಸೇರಿಸಲಿಲ್ಲ. ಮನೆ ಹೋಯಿತು. ಗೆಜೆಟ್‌ನಲ್ಲಿ ಅಪ್ಪನ ಹೆಸರು ಬಂತು. ಅಪ್ಪ ತುಂಬ ದಿನ ಸಂಬಂಧಿಕರ ಮದುವೆಗೂ ಹೋಗಲಿಲ್ಲ.

ಆದರೆ ಇನ್ನೊಂದನ್ನೂ ಹೇಳಬೇಕು. ಆದೇಶ ಆದ ಮೇಲೆ ಮನೆ ಬಾಗಿಲಿಗೆ ಬಂದು ಕೂಗಾಡೋದು ನಿಂತಿತು. ಒಬ್ಬೊಬ್ಬರು ಒಂದೊಂದು ಕಡೆ ಎಳೆಯೋ ಬದಲು ಎಲ್ಲರೂ ಒಂದೇ ಕಡೆ ಹೋಗಿ ತಮ್ಮ ಲೆಕ್ಕ ಬರೆಸಿದರು. ಅಪ್ಪನನ್ನು ಬಂಧಿಸದಂತೆ ಕೋರ್ಟ್ ರಕ್ಷಣೆಯ ಆದೇಶವನ್ನೂ ಕೊಟ್ಟಿತ್ತು. ನಮ್ಮಮ್ಮ ಇವತ್ತಿಗೂ ಆ ಅರ್ಜಿ ಹಾಕಿದವರನ್ನು ಬೈಯಲ್ಲ. ಬಾಗಿಲಲ್ಲಿ ನಿಂತು ಕೂಗಾಡಿದವರ ಹೆಸರು ಬಂದರೆ ಎದ್ದು ಹೋಗುತ್ತಾರೆ.

ಸರಕುದಾರರೇ, ನಿಮ್ಮ ಬಾಕಿದಾರರು ಮೋಸ ಮಾಡಿದ್ದರೆ ಅರ್ಜಿ ಹಾಕಿ. ಆದರೆ ಅವರ ಹೆಂಡತಿ ಮಕ್ಕಳಿಗೆ ಫೋನ್ ಮಾಡಿ ಬೆದರಿಸೋ ಕೆಲಸ ಯಾರಿಗೂ ಬಿಡಬೇಡಿ.

ಸರಕುದಾರ

ಖಂಡಿತ ಇಲ್ಲ ಮೇಡಂ. ಅವರ ಮನೆಯವರಿಗೆ ಇದುವರೆಗೆ ಒಂದು ಫೋನೂ ಮಾಡಿಲ್ಲ, ಮಾಡೋದೂ ಇಲ್ಲ. ನೀವು ಬರೆದದ್ದಕ್ಕೆ ಧನ್ಯವಾದ.

ಕರಿಕೋಟು

ಹೊಳೆದಂಡೆ ಅವರಿಗೆ ನನ್ನ ನಮಸ್ಕಾರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿಯಿಂದ ಬಿಟ್ಟಿರೋ ವಸ್ತುಗಳು ದಿವಾಳಿಯಲ್ಲೂ ರಿಸೀವರ್‌ಗೆ ಹೋಗಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಕುಶಲಕರ್ಮಿಗಳ ಉಪಕರಣ, ಧಾರ್ಮಿಕ ಪದ್ಧತಿಯಂತೆ ಹೆಣ್ಣುಮಕ್ಕಳು ತೆಗೆಯಲಾಗದ ಆಭರಣ, ರೈತನಾಗಿದ್ದರೆ ವಾಸದ ಮನೆ, ಇವೆಲ್ಲ ಆ ಪಟ್ಟಿಯಲ್ಲಿವೆ.

ದಿವಾಳಿ ಆದೇಶದಲ್ಲೇ ವಿಮೋಚನೆಗೆ ಯಾವಾಗ ಅರ್ಜಿ ಹಾಕಬೇಕು ಅಂತ ಕೋರ್ಟ್ ಗಡುವು ಬರೆಯುತ್ತೆ. ವಿಮೋಚನೆ ಸಿಕ್ಕರೆ ಹಳೆಯ ಸಾಲಗಳಿಂದ ಮನುಷ್ಯ ಹೊರಬರುತ್ತಾನೆ. ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ ಮಾತ್ರ ಬಿಡಲ್ಲ. ಜಾಮೀನು ಹಾಕಿದವರೂ ಬಿಡುಗಡೆ ಆಗಲ್ಲ. ಆಸ್ತಿ ರೂಪಾಯಿಗೆ 50 ಪೈಸೆಯಷ್ಟೂ ಬರದಿದ್ದರೆ, ಅದು ತನ್ನ ಕೈ ಮೀರಿದ ಕಾರಣದಿಂದ ಅಂತ ಬಾಕಿದಾರ ತೋರಿಸದ ಹೊರತು, ಷರತ್ತಿಲ್ಲದ ವಿಮೋಚನೆ ಸಿಗಲ್ಲ. ಅಲ್ಲಿಯವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ. ಸಂವಿಧಾನದ 102 ಮತ್ತು 191ನೇ ವಿಧಿಗಳಲ್ಲೇ ಅದು ಬರೆದಿದೆ.

ಬೆವರಹನಿ

ಪ್ರಶ್ನೆ ನನ್ನದೂ ಇದೆ. ಸ್ನೇಹಿತನಿಗೆ 2 ಲಕ್ಷ ಕೈಗಡ ಕೊಟ್ಟಿದ್ದೆ, ಪತ್ರ ಇಲ್ಲ, ಬ್ಯಾಂಕ್ ಮೂಲಕ ಕಳಿಸಿದ್ದು. ಅವನ ಹತ್ತಿರ ಆಸ್ತಿ ಏನೂ ಇಲ್ಲ, ಬಾಡಿಗೆ ಮನೆ. ನಾನೂ ಈ ಅರ್ಜಿ ಹಾಕಬಹುದಾ?

ಕರಿಕೋಟು

ಹಾಕಿ ಪ್ರಯೋಜನ ಇಲ್ಲ. ಹಂಚೋಕೆ ಏನೂ ಇಲ್ಲದ ಕಡೆ ರಿಸೀವರ್ ಏನು ಮಾಡ್ತಾರೆ? ಹಣ ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಿ, ಡಿಕ್ರಿ ಇಟ್ಟುಕೊಳ್ಳಿ. ಅಮಲ್ಜಾರಿಗೆ, ಅಂದರೆ ಆ ಡಿಕ್ರಿ ಜಾರಿ ಮಾಡಿಸೋಕೆ, ಹನ್ನೆರಡು ವರ್ಷ ಅವಕಾಶ ಇದೆ, ಅಷ್ಟರಲ್ಲಿ ಅವರ ಸ್ಥಿತಿ ಸುಧಾರಿಸಬಹುದು.

ಪಾಲುಗಾರ

ಸರಕುದಾರರಿಗೆ ಒಂದು ಮಾತು. ಆ ಇಬ್ಬರು ಸಗಟು ವ್ಯಾಪಾರಿಗಳನ್ನು ಜೊತೆಗೆ ಸೇರಿಸಿಕೊಂಡೇ ಹಾಕಿ. ಖರ್ಚು ಹಂಚಿಹೋಗುತ್ತೆ, ಒಬ್ಬರನ್ನು ಮಾತ್ರ ಕರೆದು ಬಾಯಿ ಮುಚ್ಚಿಸೋದೂ ಬಾಕಿದಾರರಿಗೆ ಕಷ್ಟವಾಗುತ್ತೆ.

ಸರಕುದಾರ

ಇಬ್ಬರೂ ಒಪ್ಪಿದ್ದಾರೆ. ದಾನಪತ್ರದ ನಕಲು ಸಿಕ್ಕಿತು. ಸಹಿ ಮತ್ತು ನೋಂದಣಿ ಒಂದೇ ದಿನ ಆಗಿದೆ, ಮೂರು ತಿಂಗಳಿಗೆ ಇನ್ನೂ ಸಮಯ ಇದೆ. ಅದರಲ್ಲಿ "ಪ್ರೀತಿ ವಿಶ್ವಾಸದಿಂದ" ಅಂತ ಬರೆದಿದೆ, ಹಣದ ಮಾತೇ ಇಲ್ಲ. ಇದನ್ನು ರದ್ದು ಮಾಡಿಸೋದು ಹೇಗೆ? ಭಾವಮೈದುನನನ್ನೂ ಅರ್ಜಿಯಲ್ಲಿ ಸೇರಿಸಬೇಕಾ? ಚೆಕ್ಕಿನ ಕೇಸು ಬಿಡಬೇಕಾ?

ಕರಿಕೋಟು

ಚೆಕ್ಕಿನ ವಿಷಯ ಬಿಡಬೇಡಿ, ಅದರ ಗಡಿಯಾರ ಬೇರೆ. ಚೆಕ್ಕು ವಾಪಸಾದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿ 15 ದಿನ ಕಾಯೋದು, ಆಮೇಲೆ ಒಂದು ತಿಂಗಳೊಳಗೆ ದೂರು. ಅದು ಕ್ರಿಮಿನಲ್ ಪ್ರಕ್ರಿಯೆ, ಎರಡೂ ಜೊತೆಯಲ್ಲೇ ನಡೆಯಲಿ.

ಇನ್ನು ದಾನಪತ್ರ. ಕಾಯ್ದೆಯಲ್ಲಿ ಇದಕ್ಕೇ ಅಂತ 53ನೇ ಕಲಂ ಇದೆ. ವರ್ಗಾವಣೆಯಾದ ಎರಡು ವರ್ಷದೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ದಿವಾಳಿ ಆದೇಶವಾದರೆ ಆ ವರ್ಗಾವಣೆಯನ್ನು ಕೋರ್ಟ್ ರದ್ದು ಮಾಡಬಹುದು. ಮದುವೆಗೆ ಪ್ರತಿಯಾಗಿ ಮದುವೆಗೆ ಮೊದಲೇ ಕೊಟ್ಟದ್ದು, ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡದ್ದು ಇವೆರಡಕ್ಕೆ ಮಾತ್ರ ವಿನಾಯಿತಿ. ನಿಮ್ಮ ಪತ್ರದಲ್ಲಿ ಹಣದ ಮಾತೇ ಇಲ್ಲ ಅನ್ನೋದು ನಿಮಗೆ ದೊಡ್ಡ ಬಲ. ಎರಡು ಗಡುವನ್ನು ಬೆರೆಸಿಕೊಳ್ಳಬೇಡಿ. ಎರಡು ವರ್ಷ ಇರೋದು ಪತ್ರ ರದ್ದು ಮಾಡಿಸೋಕೆ. ಅದೇ ಪತ್ರವನ್ನು ದಿವಾಳಿ ಕೃತ್ಯ ಅಂತ ತೋರಿಸಿ ಅರ್ಜಿ ಹಾಕೋಕೆ ಮೂರೇ ತಿಂಗಳು.

ಆ ರದ್ದತಿ ಕೇಳೋದು ದಿವಾಳಿ ಆದೇಶ ಆದ ಮೇಲೆ, ಕೇಳಬೇಕಾದ್ದು ರಿಸೀವರ್. ಭಾವಮೈದುನ ಆಗ ಎದುರುದಾರ ಆಗ್ತಾರೆ, ಈಗಲ್ಲ. ನೀವು ಕೋರಿದ ಮೇಲೂ ರಿಸೀವರ್ ಮುಂದಾಗದಿದ್ದರೆ, ಬಾಕಿ ಸಾಬೀತು ಮಾಡಿದ ಯಾರೇ ಆಗಲಿ, ಕೋರ್ಟಿನ ಅನುಮತಿ ಪಡೆದು ತಾವೇ ಕೇಳಬಹುದು. ಅದಕ್ಕೆ ರಿಸೀವರ್‌ಗೆ ಏನು ಕೇಳಿದರೂ ಬರವಣಿಗೆಯಲ್ಲೇ ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ.

ನನಗೆ ಚಿಂತೆ ಇರೋದು ನಡುವಿನ ಅವಧಿಯದು. ಭಾವಮೈದುನ ಅಷ್ಟರಲ್ಲಿ ಮನೆಯನ್ನು ಏನೂ ಗೊತ್ತಿಲ್ಲದ ಮೂರನೆಯವರಿಗೆ ಮಾರಿಬಿಟ್ಟರೆ ವಾಪಸ್ ತರೋದು ಬಹಳ ಕಷ್ಟ. ಹಾಗಾಗಿ ಮುಖ್ಯ ಅರ್ಜಿಯ ಜೊತೆ ಅದೇ ದಿನ ಇನ್ನೆರಡು ಅರ್ಜಿ ಹಾಕಿಸಿ: 20ನೇ ಕಲಮಿನಲ್ಲಿ ಮಧ್ಯಂತರ ರಿಸೀವರ್ ನೇಮಿಸಿ ಅಂತ, 21ನೇ ಕಲಮಿನಲ್ಲಿ ಆಸ್ತಿ ಜಪ್ತಿ ಮಾಡಿ ಅಂತ. ಎರಡನೆಯದು ಸಿಗೋದು ಬಾಕಿದಾರನ ಸ್ವಾಧೀನದಲ್ಲಿ ಅಥವಾ ಹತೋಟಿಯಲ್ಲಿರೋ ಆಸ್ತಿಗೆ. ಈಗ ಆ ಮನೆಯಲ್ಲಿ ಯಾರಿದ್ದಾರೆ?

ಸರಕುದಾರ

ಅವರ ಕುಟುಂಬವೇ ಇದೆ ಸಾರ್. ಭಾವಮೈದುನ ಬೇರೆ ಊರಿನಲ್ಲಿರೋದು.

ಕರಿಕೋಟು

ಹಾಗಾದರೆ ಅದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಸಿ. ಕಂದಾಯ ರಸೀದಿ, ಕರೆಂಟ್ ಬಿಲ್ ಇನ್ನೂ ಯಾರ ಹೆಸರಿನಲ್ಲಿ ಬರ್ತಿದೆ, ಖಾತೆ ಬದಲಾಗಿದೆಯಾ, ಸಿಕ್ಕಷ್ಟು ಸಂಗ್ರಹಿಸಿ. ನಿಮ್ಮ ಬಿಲ್ಲು, ಇ-ವೇ ಬಿಲ್, ಲೆಡ್ಜರ್, ವಾಪಸಾದ ಚೆಕ್ಕು ಮತ್ತು ಬ್ಯಾಂಕಿನ ಮೆಮೊ ಒಂದು ಕಡೆ, ದಾನಪತ್ರ ಮತ್ತು ಇ.ಸಿ. ಇನ್ನೊಂದು ಕಡೆ. ದಿವಾಳಿ ಕೃತ್ಯ ಯಾವುದು, ನಡೆದ ದಿನಾಂಕ ಯಾವುದು ಅನ್ನೋದು ಅರ್ಜಿಯಲ್ಲಿ ಇರಲೇಬೇಕು. ಅಂಗಡಿ ಮುಚ್ಚಿ ಹೋದದ್ದನ್ನು ಎರಡನೇ ಕೃತ್ಯ ಅಂತ ಸೇರಿಸಿ, ಆದರೆ ಅದರ ದಿನಾಂಕ ನಿಮಗೆ ಖಚಿತ ಗೊತ್ತಿದ್ದರೆ ಮಾತ್ರ.

ಸರಕುದಾರ

ಸೋಮವಾರ ಮೂವರೂ ವಕೀಲರ ಹತ್ತಿರ ಹೋಗ್ತಿದ್ದೇವೆ. ಕಂದಾಯ ರಸೀದಿ ಈ ವರ್ಷದ್ದೂ ಬಾಕಿದಾರರ ಹೆಸರಿನಲ್ಲೇ ಇದೆ. ಅಂಗಡಿ ಯಾವತ್ತು ಮುಚ್ಚಿತು ಅನ್ನೋದಕ್ಕೆ ನಮ್ಮ ಲಾರಿಯವರು ಸರಕು ಇಳಿಸಲಾಗದೆ ವಾಪಸ್ ತಂದ ದಿನದ ಚೀಟಿ ಇದೆ, ಅದರ ಮೇಲೆ ದಿನಾಂಕವೂ ಇದೆ. ಅದನ್ನೂ ಕಡತಕ್ಕೆ ಸೇರಿಸಿದ್ದೇನೆ.